ಜಾರಿದ್ದು ಅಮ್ಮನ ತಪ್ಪಲ್ಲ, ನೆಲದ್ದು

ಓದುಗರ ಪ್ರಶ್ನೆ – ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು: ಜಾರಿ ಬೀಳುವುದು. ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. ಜೂನ್‌ನಲ್ಲಿ ಒದ್ದೆಯಾದ ಅಂಗಳ ಸೆಪ್ಟೆಂಬರ್ ದಾಟುವವರೆಗೂ ಸರಿಯಾಗಿ ಒಣಗುವುದಿಲ್ಲ. ಹಾಗಾಗಿ ಪತ್ರಗಳು ಬಂದದ್ದರಲ್ಲಿ ವಿಶೇಷ ಇಲ್ಲ. ಆದರೆ ಓದುತ್ತಾ ಹೋದಂತೆ ಒಂದು ಮಾತು ಚುಚ್ಚಿತು. ಬಿದ್ದವರ ಬಗ್ಗೆ ಬರೆದ ಹೆಚ್ಚುಕಡಿಮೆ ಎಲ್ಲರೂ "ಅವರು ಸ್ವಲ್ಪ ನೋಡಿಕೊಂಡು ನಡೆಯಬೇಕಿತ್ತು" ಅಂತ ಸೇರಿಸಿದ್ದಾರೆ. ನನಗೆ ಇದು ಒಪ್ಪಿಗೆ ಇಲ್ಲ. ಯಾಕೆ ಅಂತ ಕೆಳಗೆ ಒಂದೊಂದಾಗಿ ಹೇಳುತ್ತೇನೆ.

ಪ್ರಶ್ನೆ: ಎರಡು ವರ್ಷದ ಹಿಂದೆ ಹೊಸ ಮನೆ ಕಟ್ಟಿದೆವು. ಸಿಟೌಟಿಗೆ ಕನ್ನಡಿಯ ಹಾಗೆ ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಹಾಕಿಸಿದ್ದು. ಬೇಸಿಗೆಯಲ್ಲಿ ಏನೂ ತೊಂದರೆ ಇಲ್ಲ. ಮಳೆ ಶುರುವಾದ ಮೊದಲ ವಾರದಲ್ಲೇ ಅಮ್ಮ ತೋಟದಿಂದ ಬಂದು ಕಾಲು ತೊಳೆದು ಮೆಟ್ಟಿಲು ಹತ್ತಿದವರು ಜಾರಿ ಬಿದ್ದು ಕೈ ಮುರಿದುಕೊಂಡರು. ಹಳೆಮನೆಯ ರೆಡ್ ಆಕ್ಸೈಡ್ ನೆಲವೂ ಹೊಳೆಯುತ್ತಿತ್ತು, ಅಲ್ಲಿ ನಲವತ್ತು ವರ್ಷ ಓಡಾಡಿದವರು ಒಮ್ಮೆಯೂ ಬಿದ್ದಿಲ್ಲ. ಹಾಗಾದರೆ ವ್ಯತ್ಯಾಸ ಎಲ್ಲಿ? ಟೈಲ್ಸ್ ಪೂರ್ತಿ ಕೀಳಿಸಬೇಕಾ?
– ಬದಿಯಡ್ಕದ ಓದುಗರು

ಉತ್ತರ: ಮೊದಲು ಅಮ್ಮನ ಕೈ ಬೇಗ ಗುಣವಾಗಲಿ. ಆಮೇಲೆ ಅವರಿಗೆ ಒಂದು ಮಾತು ಹೇಳಿ: ಬಿದ್ದದ್ದು ನಿಮ್ಮ ಅಜಾಗ್ರತೆಯಿಂದ ಅಲ್ಲ ಅಂತ. ಇದನ್ನು ಸಮಾಧಾನಕ್ಕಾಗಿ ಹೇಳುತ್ತಿಲ್ಲ.

ನಾವು ನಡೆಯುವಾಗ ಮುಂದಿಟ್ಟ ಕಾಲಿನ ಹಿಮ್ಮಡಿ ಮೊದಲು ನೆಲಕ್ಕೆ ತಾಗುತ್ತದೆ. ಆಗ ನಮ್ಮ ಮೈಭಾರ ಇನ್ನೂ ಹಿಂದೆಯೇ ಇರುತ್ತದೆ. ಅಂದರೆ ಕಾಲು ನೆಲವನ್ನು ಕೆಳಕ್ಕೂ ಒತ್ತುತ್ತದೆ, ಮುಂದಕ್ಕೂ ತಳ್ಳುತ್ತದೆ. ಸಮನಾದ ನೆಲದಲ್ಲಿ ಸಾಧಾರಣ ನಡಿಗೆಯಲ್ಲಿ ಈ ಮುಂದಿನ ತಳ್ಳು, ಕೆಳಗಿನ ಒತ್ತಿನ ಐದರಲ್ಲಿ ಒಂದು ಪಾಲು ಇರುತ್ತದೆ. ಸುಮಾರು 0.2 ಅಂತ ಇಟ್ಟುಕೊಳ್ಳಿ. ನೆಲ ಮತ್ತು ಕಾಲಿನ ನಡುವಿನ ಹಿಡಿತ, ಅಂದರೆ ಘರ್ಷಣಾಂಕ, ಇದಕ್ಕಿಂತ ಜಾಸ್ತಿ ಇದ್ದರೆ ಕಾಲು ನಿಲ್ಲುತ್ತದೆ. ಕಮ್ಮಿಯಾದರೆ ಜಾರುತ್ತದೆ. ಒಣಗಿದ ಟೈಲ್ಸಿನ ಮೇಲೆ ಹಿಡಿತ ಇದರ ಎರಡು ಪಾಲಿಗೂ ಮಿಕ್ಕಿ ಇರುವುದರಿಂದಲೇ ಬೇಸಿಗೆಯಲ್ಲಿ ನಿಮಗೆ ಏನೂ ಗೊತ್ತಾಗಲಿಲ್ಲ.

ನೀರು ಬಿದ್ದಾಗ ಏನಾಗುತ್ತದೆ? ಕಾಲು ಊರುವಾಗ ನಡುವೆ ಇರುವ ನೀರು ಪಕ್ಕಕ್ಕೆ ಹೋಗಬೇಕು. ಹೋಗಲು ಅದಕ್ಕೂ ಒಂದಿಷ್ಟು ಹೊತ್ತು ಬೇಕು, ಜಾಗವೂ ಬೇಕು. ಹಿಮ್ಮಡಿ ತಾಗಿ ಭಾರ ಬೀಳುವುದಕ್ಕೆ ಸಿಗುವ ಸಮಯ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು. ಪಾಲಿಶ್ ಮಾಡಿದ ಟೈಲ್ಸಿನಲ್ಲಿ ನೀರು ಸರಿದುಕೊಳ್ಳಲು ಒಂದು ಗೀರು ಕೂಡ ಇಲ್ಲ. ಅಷ್ಟರೊಳಗೆ ನೀರು ಹೊರಗೆ ಹೋಗಲಿಲ್ಲವೋ, ಕಾಲು ನೆಲವನ್ನು ಮುಟ್ಟುವುದೇ ಇಲ್ಲ, ನೀರಿನ ಪದರದ ಮೇಲೆ ತೇಲುತ್ತದೆ. ಆಗ ಎಷ್ಟು ಜಾಗ್ರತೆಯವರಾದರೂ ಮಾಡಲು ಏನೂ ಉಳಿದಿರುವುದಿಲ್ಲ. ಕಾಲು ಒಂದೆರಡು ಸೆಂಟಿಮೀಟರ್ ಸರಿದರೆ ನಮಗೆ ಗೊತ್ತೇ ಆಗುವುದಿಲ್ಲ. ಹತ್ತು ಸೆಂಟಿಮೀಟರ್ ದಾಟಿದರೆ ಸಾವರಿಸಿಕೊಳ್ಳುವುದು ಬಹಳ ಕಷ್ಟ. ಅದು ವಯಸ್ಸಾದವರಿಗೆ ಮಾತ್ರ ಅಲ್ಲ, ನಿಮಗೂ ನನಗೂ ಹಾಗೆಯೇ.

ಒರಟುತನ ಅಂದರೆ ಇಲ್ಲಿ ಕೈಗೆ ಚುಚ್ಚುವಷ್ಟು ಬೇಕಾಗಿಲ್ಲ. ಬ್ರಿಟನ್ನಿನಲ್ಲಿ ಕೆಲಸದ ಜಾಗದ ಸುರಕ್ಷತೆ ನೋಡಿಕೊಳ್ಳುವ ಸರಕಾರಿ ಸಂಸ್ಥೆ ಎಚ್‌ಎಸ್‌ಇ ಹೇಳುವ ಪ್ರಕಾರ, ಬರೀ ನೀರು ಬೀಳುವ ಕಡೆ ನೆಲದ ಮೇಲಿನ ಏರುತಗ್ಗು ಸುಮಾರು 20 ಮೈಕ್ರಾನ್ ಇದ್ದರೆ ಸಾಕು. ನಮ್ಮ ತಲೆಕೂದಲಿನ ದಪ್ಪವೇ ಸುಮಾರು 70 ಮೈಕ್ರಾನ್. ಅಂದರೆ ಒಂದು ಕೂದಲೆಳೆಯ ಮೂರನೇ ಒಂದು ಪಾಲಿಗಿಂತಲೂ ಕಡಿಮೆ! ಅಷ್ಟು ಸಣ್ಣ ಒರಟು ಇದೆಯೋ ಇಲ್ಲವೋ ಎಂಬುದರ ಮೇಲೆ ಅಮ್ಮನ ಕೈ ನಿಂತಿತ್ತು.

ಇನ್ನು ಹಳೆಮನೆಯ ಮಾತು. ರೆಡ್ ಆಕ್ಸೈಡ್ ನೆಲ ಜಾರುವುದಿಲ್ಲ ಅಂತ ಏನಿಲ್ಲ. ಒದ್ದೆಯಾದರೆ ಅದೂ ಚೆನ್ನಾಗಿಯೇ ಜಾರುತ್ತದೆ. ಆದರೆ ಹಳೆಮನೆಯನ್ನು ಕಣ್ಣು ಮುಚ್ಚಿ ಒಮ್ಮೆ ನೆನಪು ಮಾಡಿಕೊಳ್ಳಿ. ಮಾಡು ಜಗಲಿಯಿಂದ ಎಷ್ಟು ಮುಂದಕ್ಕೆ ಇಳಿದಿತ್ತು? ಎರಚಲು ಒಳಗೆ ಬರುತ್ತಿರಲಿಲ್ಲ. ಕಾಲು ತೊಳೆಯುವ ಕಲ್ಲು ಅಂಗಳದಲ್ಲಿ, ಅದೂ ಉಳಿಪೆಟ್ಟು ಬಿದ್ದ ಒರಟು ಕಲ್ಲು. ಮೆಟ್ಟಿಲು ಮುರಕಲ್ಲಿನದ್ದು. ಜಗಲಿಗೆ ಹತ್ತುವಲ್ಲಿ ಒಂದು ಗೋಣಿಚೀಲ ಮಡಚಿ ಹಾಕಿರುತ್ತಿದ್ದರು, ಅದರಲ್ಲಿ ಕಾಲು ಎರಡು ಸಲ ಉಜ್ಜದೆ ಒಳಗೆ ಬಂದರೆ ಅಜ್ಜಿ ಬಿಡುತ್ತಿರಲಿಲ್ಲ. ನೀರು ಆ ನೆಲದವರೆಗೆ ತಲುಪಲೇ ಇಲ್ಲ, ಅಷ್ಟೇ ವಿಷಯ. ಹೊಸ ಸಿಟೌಟಿಗೆ ಮಾಡು ಗಿಡ್ಡ, ನಳ್ಳಿ ಮೆಟ್ಟಿಲಿನ ಪಕ್ಕದಲ್ಲೇ, ಕಾಲೊರಸು ಬಾಗಿಲ ಹತ್ತಿರ. ಅಂದರೆ ಒದ್ದೆ ಕಾಲಲ್ಲಿ ನಾಲ್ಕು ಹೆಜ್ಜೆ ಜಾರುವ ನೆಲ ದಾಟಿದ ಮೇಲೆಯೇ ಕಾಲು ಒರೆಸಿಕೊಳ್ಳುವ ಅವಕಾಶ.

ಹಾಗಾಗಿ ಟೈಲ್ಸ್ ಪೂರ್ತಿ ಕೀಳಿಸುವ ಮೊದಲು ಇಷ್ಟು ಮಾಡಿ. ಕಾಲೊರಸನ್ನು ಮೆಟ್ಟಿಲಿನ ಬುಡಕ್ಕೆ ತನ್ನಿ, ಅಡಿಯಲ್ಲಿ ರಬ್ಬರ್ ಇರುವ ದೊಡ್ಡದನ್ನೇ ಹಾಕಿ, ಯಾಕೆಂದರೆ ಅಡಿ ಜಾರುವ ಮ್ಯಾಟ್ ಇದ್ದರೆ ಅದೇ ಇನ್ನೊಂದು ಅಪಾಯ. ಮ್ಯಾಟ್ ಒದ್ದೆಯಾದ ಕೂಡಲೇ ಬದಲಿಸಲು ಇನ್ನೊಂದು ಒಣಗಿದ್ದು ಇರಲಿ. ಮೆಟ್ಟಿಲಿನ ಅಂಚುಗಳಿಗೆ ಮರಳುಕಾಗದದ ಹಾಗಿರುವ ಅಂಟುಪಟ್ಟಿ ಸಿಗುತ್ತದೆ, ಹಾಕಿಸಿ. ಎರಚಲು ಬರುವ ಕಡೆಗೆ ಶೀಟ್ ಇಳಿಸಿ. ಟೈಲ್ಸಿನ ಮೇಲೆ ಬಳಿಯುವ, ಮೇಲ್ಮೈಯನ್ನು ಸ್ವಲ್ಪ ಕೊರೆದು ಒರಟು ಮಾಡುವ ದ್ರಾವಣಗಳೂ ಇವೆ. ಹಾಕಿಸುವುದಾದರೆ ಮೊದಲು ಮೂಲೆಯ ಒಂದೇ ಟೈಲಿನ ಮೇಲೆ ಹಾಕಿಸಿ, ನೀರು ಚೆಲ್ಲಿ ಪರೀಕ್ಷೆ ಮಾಡಿ. ಹೊಳಪು ಹೋಗುತ್ತದೆ, ಮತ್ತೆ ಸವೆಯುತ್ತದೆ ಕೂಡ. ಇದೆಲ್ಲ ಮಾಡಿಯೂ ಸರಿಯಾಗದಿದ್ದರೆ ಮೆಟ್ಟಿಲು ಮತ್ತು ಹೊರಗಿನ ಎರಡು ಸಾಲು ಮಾತ್ರ ತೆಗೆಸಿ ಒರಟು ಟೈಲ್ಸ್ ಹಾಕಿಸಬಹುದು.

ಪ್ರಶ್ನೆ: ಟೈಲ್ಸ್ ಅಂಗಡಿಯಲ್ಲಿ ಕೇಳಿದರೆ ಎಲ್ಲದಕ್ಕೂ "ಇದು ಆಂಟಿಸ್ಕಿಡ್" ಅನ್ನುತ್ತಾರೆ. ಒಂದು ಪೆಟ್ಟಿಗೆಯ ಮೇಲೆ ಆರ್9 ಅಂತ ಇತ್ತು. ಒಂಬತ್ತು ಅಂದರೆ ಒಳ್ಳೆಯದೇ ಅಲ್ವಾ?
– ಮನೆ ಕಟ್ಟುತ್ತಿರುವವರು, ಮುಳ್ಳೇರಿಯ

ಉತ್ತರ: ಅಲ್ಲ. ಈ ಲೆಕ್ಕ ಶುರುವಾಗುವುದೇ ಒಂಬತ್ತರಿಂದ. ಆರ್9 ಅಂದರೆ ಎಲ್ಲಕ್ಕಿಂತ ಕೆಳಗಿನ ದರ್ಜೆ. ಆರ್13 ಎಲ್ಲಕ್ಕಿಂತ ಮೇಲಿನದು.

ಇದು ಜರ್ಮನಿಯ ಡಿಐಎನ್ 51130 ಎಂಬ ಪರೀಕ್ಷೆಯಿಂದ ಬಂದದ್ದು. ಟೈಲ್ಸ್ ಹಾಸಿದ ಹಲಗೆಯ ಮೇಲೆ ಇಂಜಿನ್ ಆಯಿಲ್ ಸುರಿಯುತ್ತಾರೆ. ಅದರ ಮೇಲೆ ಒಬ್ಬ ಮನುಷ್ಯ, ಬೀಳದ ಹಾಗೆ ಮೇಲಿನಿಂದ ಬೆಲ್ಟ್ ಕಟ್ಟಿಕೊಂಡು, ಗೊತ್ತುಪಡಿಸಿದ ಬೂಟ್ಸ್ ಹಾಕಿ ಹಿಂದೆ ಮುಂದೆ ನಡೆಯುತ್ತಾನೆ. ಹಲಗೆಯನ್ನು ಮೆಲ್ಲ ಮೆಲ್ಲ ಓರೆ ಮಾಡುತ್ತಾ ಹೋಗುತ್ತಾರೆ. ಎಷ್ಟು ಓರೆಯಲ್ಲಿ ಅವನು ಜಾರುತ್ತಾನೆ ಎಂಬುದೇ ಉತ್ತರ. 6ರಿಂದ 10 ಡಿಗ್ರಿಯೊಳಗೆ ಜಾರಿದರೆ ಆರ್9, 10ರಿಂದ 19ಕ್ಕೆ ಆರ್10, 19ರಿಂದ 27ಕ್ಕೆ ಆರ್11, 27ರಿಂದ 35ಕ್ಕೆ ಆರ್12, ಅದರ ಮೇಲೆ ಆರ್13.

ನಾವು ಬಚ್ಚಲಿಗೆ ಬೂಟ್ಸ್ ಹಾಕಿ ಹೋಗುವುದಿಲ್ಲವಲ್ಲ. ಬರಿಗಾಲಿಗೆ ಬೇರೆ ಪರೀಕ್ಷೆ ಇದೆ, ಡಿಐಎನ್ 51097. ಅದರಲ್ಲಿ ಸೋಪಿನ ನೀರು, ಬರಿಗಾಲು. ದರ್ಜೆಗಳು ಎ, ಬಿ, ಸಿ. 12, 18, 24 ಡಿಗ್ರಿ ದಾಟಬೇಕು ಕ್ರಮವಾಗಿ. ಇಲ್ಲೂ ಎ ಅಂದರೆ ಕೆಳಗಿನದು, ಮೋಸ ಹೋಗಬೇಡಿ. ಬಚ್ಚಲಿಗೆ ಬಿ ಇರುವುದನ್ನು ಕೇಳಿ. ಸಿಟೌಟಿಗೆ ಆರ್10, ಮಳೆ ಬೀಳುವ ಮೆಟ್ಟಿಲು ಮತ್ತು ಕಾರು ನಿಲ್ಲಿಸುವ ಜಾಗಕ್ಕೆ ಆರ್11 ನೋಡಿ. ಮ್ಯಾಟ್ ಫಿನಿಶ್ ಅಂದರೆ ಹೊಳಪಿಲ್ಲ ಅಂತ ಅಷ್ಟೇ ಅರ್ಥ, ಜಾರುವುದಿಲ್ಲ ಅಂತ ಅಲ್ಲ.

ಲೋಲಕದ ಪರೀಕ್ಷೆಯೂ ಇದೆ. ತುದಿಗೆ ರಬ್ಬರ್ ತುಂಡು ಕಟ್ಟಿದ ಒಂದು ತೋಳು ಮೇಲಿನಿಂದ ಬೀಸಿ ಬಂದು ಒದ್ದೆ ನೆಲವನ್ನು ಒರೆಸಿಕೊಂಡು ಹೋಗುತ್ತದೆ, ಹಿಮ್ಮಡಿ ಊರುವ ಹಾಗೆಯೇ. ಅದರಲ್ಲಿ 36 ಮತ್ತು ಮೇಲೆ ಬಂದರೆ ಜಾರುವ ಅಪಾಯ ಕಮ್ಮಿ, 25ರ ಕೆಳಗೆ ಬಂದರೆ ಜಾಸ್ತಿ. ಅಂಗಡಿಯವರು ಇದಾವುದನ್ನೂ ಹೇಳದಿದ್ದರೆ ಒಂದು ಸ್ಯಾಂಪಲ್ ಟೈಲ್ ಕೇಳಿ ತೆಗೆದುಕೊಂಡು ಬನ್ನಿ. ಮನೆಯಲ್ಲಿ ಅದಕ್ಕೆ ಸೋಪಿನ ನೀರು ಹಾಕಿ, ಯಾವುದಾದರೂ ಗಟ್ಟಿ ಆಧಾರ ಹಿಡಿದುಕೊಂಡು ಬರಿಗಾಲಲ್ಲಿ ಉಜ್ಜಿ ನೋಡಿ. ಅಂಗಡಿಯ ಎಸಿ ರೂಮಿನಲ್ಲಿ ಒಣ ಟೈಲನ್ನು ಕೈಯಲ್ಲಿ ಸವರಿದರೆ ಏನೂ ಗೊತ್ತಾಗುವುದಿಲ್ಲ.

ಪ್ರಶ್ನೆ: ಮನೆಯಿಂದ ತೋಟಕ್ಕೆ ಇಳಿಯುವ ಮುರಕಲ್ಲಿನ ಮೆಟ್ಟಿಲು, ಅಂಗಳದ ಇಂಟರ್‌ಲಾಕ್ ಎರಡರಲ್ಲೂ ಮಳೆಗಾಲದಲ್ಲಿ ಪಾಚಿ. ಕೆಲಸಕ್ಕೆ ಬರುವವರು ಅಡಿಕೆ ಹೊತ್ತು ಬರುವಾಗ ನನಗೆ ಎದೆ ಡವಡವ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತು ಇದೆ, ಅದನ್ನೇ ಕರಗಿಸಿ ಹೊಡೆಯಬಹುದಾ ಅಂತ ಯೋಚನೆ. ಬ್ಲೀಚಿಂಗ್ ಹುಡಿ ಒಳ್ಳೆಯದೋ, ಸುಣ್ಣ ಒಳ್ಳೆಯದೋ?
– ಅಡಿಕೆ ಕೃಷಿಕರು, ಪೆರ್ಲ

ಉತ್ತರ: ಕೆಲಸದವರ ಬಗ್ಗೆ ನಿಮಗೆ ಇರುವ ಕಾಳಜಿಗೆ ಮೊದಲು ನಮಸ್ಕಾರ. ತಲೆಯ ಮೇಲೆ ಹೊರೆ ಇದ್ದವರಿಗೆ ಕಾಲಬುಡ ಕಾಣುವುದಿಲ್ಲ, ಜಾರಿದರೆ ಹಿಡಿದುಕೊಳ್ಳಲು ಕೈ ಖಾಲಿ ಇರುವುದಿಲ್ಲ. ಅವರಿಗೆ "ನೋಡಿಕೊಂಡು ಬನ್ನಿ" ಅಂದರೆ ಏನು ಪ್ರಯೋಜನ?

ಮೈಲುತುತ್ತು ಬೇಡ. ಪಾಚಿ ಸಾಯುತ್ತದೆ ನಿಜ, ಆದರೆ ಆ ನೀರು ಹರಿದು ಹೋಗುವುದೆಲ್ಲಿಗೆ? ನಿಮ್ಮ ಕಡೆ ಬಾವಿ, ಕೆರೆ, ನೀರಿಗಾಗಿ ಗುಡ್ಡದೊಳಗೆ ಕೊರೆದ ಸುರಂಗ ಎಲ್ಲ ತೋಟದ ಮಗ್ಗುಲಲ್ಲೇ. ಮೈಲುತುತ್ತಿನಲ್ಲಿರುವ ತಾಮ್ರ ಮೀನಿಗೆ ವಿಷ, ಮಣ್ಣಿನಲ್ಲಿ ಉಳಿದುಕೊಳ್ಳುತ್ತದೆ. ಸುಣ್ಣವೂ ಬೇಡ, ಒದ್ದೆಯಾದ ಸುಣ್ಣವೇ ಜಾರುತ್ತದೆ.

ಪಾಚಿ ಯಾಕೆ ಅಷ್ಟು ಜಾರುತ್ತದೆ ಗೊತ್ತಾ? ಅದರ ಮೈಯ ಲೋಳೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮುರಕಲ್ಲಿನ ಒರಟಿನಲ್ಲಿ ನೀರು ಸರಿದು ಹೋಗಲು ತೂತುಗಳಿದ್ದವಲ್ಲ, ಪಾಚಿ ಅವನ್ನೇ ತುಂಬಿಸುತ್ತದೆ. ಅಲ್ಲಿಗೆ ಒರಟು ಕಲ್ಲು ಇದ್ದೂ ಇಲ್ಲದ ಹಾಗೆ. ಮಳೆ ನಿಂತು ಎರಡು ದಿನ ಬಿಸಿಲು ಬಂದರೂ ನೆರಳಿರುವ ಕಡೆ ಅದು ಒಣಗುವುದಿಲ್ಲ.

ಹಾಗಾಗಿ ಕೆಲಸ ಮೇ ತಿಂಗಳಲ್ಲೇ ಆಗಬೇಕು. ಗಟ್ಟಿ ಬ್ರಷ್ ಅಥವಾ ಪ್ರೆಶರ್ ವಾಷರ್‌ನಲ್ಲಿ ಕಲ್ಲಿನ ತೂತು ಕಾಣುವವರೆಗೆ ಉಜ್ಜಿಸಿ. ಮೆಟ್ಟಿಲಿನ ಮೇಲೆ ಬಾಗಿರುವ ಗೆಲ್ಲುಗಳನ್ನು ಕಡಿಸಿ, ಗಾಳಿ ಬೆಳಕು ಬೀಳಲಿ. ಮೆಟ್ಟಿಲು ಮುಂದಕ್ಕೆ ಒಂದು ಎಳೆಯಷ್ಟು ಇಳಿಜಾರಿದ್ದರೆ ನೀರು ನಿಲ್ಲುವುದಿಲ್ಲ. ನಡೆಯುವ ದಿಕ್ಕಿಗೆ ಅಡ್ಡವಾಗಿ ಉಳಿಯಲ್ಲಿ ಗೀರು ಹೊಡೆಸಿದರೆ ಇನ್ನೂ ಒಳ್ಳೆಯದು. ನಮ್ಮ ಕೆಂಪುಕಲ್ಲಿನ ಕೆಲಸದವರಿಗೆ ಅದು ಅರ್ಧ ದಿನದ ಕೆಲಸ.

ಮಳೆಯ ನಡುವೆ ಪಾಚಿ ಬಂದರೆ ಬ್ಲೀಚಿಂಗ್ ಹುಡಿ ಆಗುತ್ತದೆ. ಮಳೆ ಬಿಟ್ಟ ಹೊತ್ತಿನಲ್ಲಿ ನೀರಿನಲ್ಲಿ ಕದಡಿ ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ಬ್ರಷ್‌ನಲ್ಲಿ ಉಜ್ಜಿ ತೊಳೆಯಿರಿ. ಬಾವಿಕಟ್ಟೆಯ ಹತ್ತಿರ, ಗಿಡದ ಬುಡದಲ್ಲಿ ಬೇಡ. ಇನ್ನೊಂದು ಮಾತು ದಯವಿಟ್ಟು ನೆನಪಿಡಿ: ಬ್ಲೀಚಿಂಗ್ ಹುಡಿಯ ಜೊತೆಗೆ ಟಾಯ್ಲೆಟ್ ತೊಳೆಯುವ ಆಸಿಡ್ ಯಾವತ್ತೂ ಸೇರಿಸಬಾರದು. ಕ್ಲೋರಿನ್ ಅನಿಲ ಬರುತ್ತದೆ, ಉಸಿರಿಗೇ ಅಪಾಯ. "ಎರಡೂ ಸೇರಿದರೆ ಜಾಸ್ತಿ ಬಿಳಿಯಾಗುತ್ತದೆ" ಅಂತ ಸುಮ್ನೆ ಬೆರೆಸುವವರನ್ನು ನಾನು ನೋಡಿದ್ದೇನೆ.

ಅಂಗಳಕ್ಕೆ ಹಿರಿಯರು ಮಾಡುತ್ತಿದ್ದದ್ದು ನಿಮಗೂ ಗೊತ್ತಿರಬಹುದು. ಜಗಲಿಯಿಂದ ಹಟ್ಟಿಗೆ ಹೋಗುವ ದಾರಿಯ ಉದ್ದಕ್ಕೂ ಅಡಿಕೆ ಸೋಗೆಯೋ ತೆಂಗಿನ ಮಡಲೋ ಹಾಸಿಬಿಡುತ್ತಿದ್ದರು. ಕೊಳೆತ ಹಾಗೆ ಮೇಲಿನಿಂದ ಹೊಸದು. ಪಾಚಿಗೆ ಬೆಳಕು ಸಿಗುವುದಿಲ್ಲ, ಕಾಲಿಗೆ ಹಿಡಿತ ಸಿಗುತ್ತದೆ. ಈಗಲೂ ಇದಕ್ಕಿಂತ ಅಗ್ಗದ ಉಪಾಯ ನನಗೆ ಗೊತ್ತಿಲ್ಲ. ಸೋಗೆಯ ಬುಡದ ಹಾಳೆ ಮಾತ್ರ ಕತ್ತರಿಸಿ ತೆಗೆಯಿರಿ. ಮಕ್ಕಳನ್ನು ಕೂರಿಸಿ ಎಳೆಯುವುದು ಅದೇ ಹಾಳೆಯಲ್ಲಿ ಅಲ್ವಾ, ಅದರ ಒಳಮೈ ಎಷ್ಟು ನುಣುಪು ಅಂತ ಹೇಳಬೇಕಾಗಿಲ್ಲ.

ಪ್ರಶ್ನೆ: ಸಣ್ಣ ಹೋಟೆಲ್ ನಡೆಸುತ್ತಿದ್ದೇನೆ. ಅಡುಗೆಮನೆಯಲ್ಲಿ ದೋಸೆ ಕಾವಲಿಯ ಮುಂದೆ, ಎಣ್ಣೆ ಬಾಣಲೆಯ ಹತ್ತಿರ ದಿನಾ ಒಬ್ಬರಾದರೂ ಜಾರುತ್ತಾರೆ. ಎರಡು ಗಂಟೆಗೊಮ್ಮೆ ಸೋಪಿನ ನೀರಲ್ಲಿ ಒರೆಸಿಸುತ್ತೇನೆ, ಒರೆಸಿದ ಕೂಡಲೇ ಇನ್ನೂ ಜಾಸ್ತಿ ಜಾರುತ್ತದೆ!
– ಹೋಟೆಲ್ ಮಾಲಕರು, ಉಪ್ಪಳ

ಉತ್ತರ: ನಿಮ್ಮ ಕಣ್ಣಿಗೆ ಕಂಡದ್ದು ಸರಿಯಾಗಿಯೇ ಇದೆ. ಒಂದು ಕಡೆ ಬಿದ್ದ ಎಣ್ಣೆಯನ್ನು ಮಾಪ್ ಇಡೀ ಅಡುಗೆಮನೆಗೆ ತೆಳ್ಳಗೆ ಹಚ್ಚಿದೆ, ಅದರ ಮೇಲೆ ಸೋಪಿನ ಪಸೆ. ಎಣ್ಣೆ ನೀರಿಗಿಂತ ತುಂಬಾ ಮಂದ, ಹಾಗಾಗಿ ಕಾಲಡಿಯಿಂದ ಹೊರಗೆ ಸರಿಯಲು ಅದಕ್ಕೆ ಹೆಚ್ಚು ಹೊತ್ತು ಬೇಕು. ನೀರಿಗೆ 20 ಮೈಕ್ರಾನ್ ಒರಟು ಸಾಕು ಅಂದೆನಲ್ಲ, ಅದೇ ಲೆಕ್ಕದಲ್ಲಿ ಸೋಪಿನ ನೀರಿಗೆ 45, ಅಡುಗೆ ಎಣ್ಣೆಗೆ 70 ಮೈಕ್ರಾನ್ ಬೇಕು.

ಎಣ್ಣೆ ಬಿದ್ದ ಕೂಡಲೇ ಆ ಜಾಗವನ್ನು ಮಾತ್ರ ಹಳೆ ಪೇಪರ್ ಅಥವಾ ಬಟ್ಟೆಯಲ್ಲಿ ಹೀರಿಸಿ ತೆಗೆಯಬೇಕು, ಮಾಪ್ ಮುಟ್ಟಿಸಬಾರದು. ಮರದ ಹುಡಿ ಹಾಕುವುದಾದರೆ ಎಣ್ಣೆ ಹೀರಿದ ಮೇಲೆ ಗುಡಿಸಿ ತೆಗೆಯಲೇಬೇಕು, ಹಾಗೇ ಬಿಟ್ಟರೆ ಅದೂ ಜಾರುತ್ತದೆ. ಪೂರ್ತಿ ತೊಳೆಯುವುದು ರಾತ್ರಿ, ಎಲ್ಲರೂ ಹೋದ ಮೇಲೆ. ಬಿಸಿನೀರಿಗೆ ಡಿಗ್ರೀಸರ್ ಹಾಕಿ ಚೆಲ್ಲಿ ಐದು ಹತ್ತು ನಿಮಿಷ ಬಿಡಿ, ಅದು ಎಣ್ಣೆಯನ್ನು ಬಿಡಿಸಲು ಸಮಯ ಬೇಕು. ಆಮೇಲೆ ಬ್ರಷ್‌ನಲ್ಲಿ ಉಜ್ಜಿ, ಬೇರೆ ಬಕೆಟಿನ ಶುದ್ಧ ನೀರಲ್ಲಿ ಸೋಪು ಪೂರ್ತಿ ಹೋಗುವವರೆಗೆ ತೊಳೆದು, ವೈಪರ್‌ನಲ್ಲಿ ಎಳೆದು ಒಣಗಿಸಿ. ಜನ ಓಡಾಡುವ ಹೊತ್ತಿನಲ್ಲಿ ಒದ್ದೆ ಮಾಡಲೇಬೇಡಿ.

ಹುಡುಗರ ಕಾಲಲ್ಲಿ ಏನಿದೆ ಅಂತ ನೋಡಿದ್ದೀರಾ? ಸವೆದು ಕನ್ನಡಿಯಾದ ಹವಾಯಿ ಚಪ್ಪಲಿಯಲ್ಲಿ ಕಾದ ಎಣ್ಣೆಯ ಮುಂದೆ ನಿಲ್ಲಿಸುವುದು ನ್ಯಾಯವಲ್ಲ. ಎಣ್ಣೆಗೆ ತಡೆಯುವ ಸೋಲ್ ಇರುವ, ಹಿಂದೆ ಮುಚ್ಚಿದ ಅಡುಗೆಮನೆ ಶೂ ಸಿಗುತ್ತದೆ. ಅದನ್ನು ನೀವೇ ತೆಗೆಸಿಕೊಡಿ, ಅವರ ಸಂಬಳದಲ್ಲಿ ಹಿಡಿಯಬೇಡಿ.

ಪ್ರಶ್ನೆ: ಅಗಲ ಸೋಲ್ ಇರುವ ಚಪ್ಪಲಿಗೆ ಗ್ರಿಪ್ ಜಾಸ್ತಿ ಅಂತ ಗೆಳೆಯ ಹೇಳುತ್ತಾನೆ. ನಾನು ಹೊಸ ಚಪ್ಪಲಿ ತಂದೆ, ಮೊದಲ ದಿನವೇ ಬಸ್ಸಿನ ಮೆಟ್ಟಿಲಿನಲ್ಲಿ ಜಾರಿದೆ. ಹೊಸತಿಗೆ ಗ್ರಿಪ್ ಇರಬೇಕಲ್ವಾ?
– ಕಾಲೇಜು ವಿದ್ಯಾರ್ಥಿ, ಕುಂಬಳೆ

ಉತ್ತರ: ಘರ್ಷಣೆ ಭಾರದ ಮೇಲೆ ನಿಂತಿರುತ್ತದೆ, ತಾಗುವ ಅಗಲದ ಮೇಲೆ ಅಲ್ಲ. 1699ರಲ್ಲಿ ಫ್ರಾನ್ಸಿನ ವಿಜ್ಞಾನಿ ಅಮಾಂಟನ್ಸ್ ಇದನ್ನು ಬರೆದಿಟ್ಟ. ಅವನಿಗಿಂತ ಇನ್ನೂರು ವರ್ಷ ಹಿಂದೆ ಲಿಯೊನಾರ್ಡೊ ಡ ವಿಂಚಿ ತನ್ನ ಟಿಪ್ಪಣಿ ಪುಸ್ತಕದಲ್ಲಿ ಇದನ್ನೇ ಗುರುತು ಮಾಡಿಕೊಂಡಿದ್ದ, ಆದರೆ ಪ್ರಕಟಿಸಲಿಲ್ಲ. ರಬ್ಬರ್ ಮೆತ್ತಗಿರುವುದರಿಂದ ಈ ನಿಯಮವನ್ನು ಚಾಚೂ ತಪ್ಪದೆ ಪಾಲಿಸುವುದಿಲ್ಲ. ಅದು ನೆಲದ ಸಣ್ಣ ತಗ್ಗುಗಳ ಒಳಗೆ ಇಳಿದು ಹಿಡಿಯುತ್ತದೆ. ಆದರೂ ಅಗಲ ನೋಡಿ ಚಪ್ಪಲಿ ಕೊಳ್ಳುವುದರಲ್ಲಿ ಅರ್ಥವಿಲ್ಲ.

ನೋಡಬೇಕಾದ್ದು ಎರಡು. ಒಂದು, ಸೋಲ್ ಎಷ್ಟು ಮೆತ್ತಗೆ. ಉಗುರು ಒತ್ತಿದರೆ ಸ್ವಲ್ಪ ಒಳಗೆ ಹೋಗಿ ಮತ್ತೆ ಎದ್ದು ಬರುವ ರಬ್ಬರ್ ಒಳ್ಳೆಯದು. ಗಟ್ಟಿ ಪಿವಿಸಿ ಸೋಲ್ ಒದ್ದೆ ನೆಲದಲ್ಲಿ ಕೈಕೊಡುತ್ತದೆ. ಎರಡು, ಗೀರುಗಳು ಅಂಚಿನವರೆಗೂ ಹೋಗಿ ಹೊರಗೆ ತೆರೆದುಕೊಂಡಿರಬೇಕು, ನೀರು ಹರಿಯುವ ತೋಡಿನ ಹಾಗೆ. ನಡುವಿನಲ್ಲೇ ಮುಗಿಯುವ ಚಂದದ ಚಿತ್ತಾರದಲ್ಲಿ ನೀರು ಸಿಕ್ಕಿಹಾಕಿಕೊಳ್ಳುತ್ತದೆ. ಹಿಮ್ಮಡಿಯ ಭಾಗವನ್ನು ವಿಶೇಷವಾಗಿ ನೋಡು.

ಹೊಸ ಸೋಲಿನ ಮೇಲೆ ಅಚ್ಚಿನಿಂದ ಬಂದ ಒಂದು ನುಣುಪು ಪದರ ಇರುತ್ತದೆ. ಮರಳುಕಾಗದದಲ್ಲಿ ನಾಲ್ಕು ಸಲ ಉಜ್ಜು, ಇಲ್ಲವೇ ಒರಟು ಸಿಮೆಂಟಿನ ಮೇಲೆ ಎರಡು ದಿನ ನಡೆದಾಡು. ಆಮೇಲೆ ಸರಿಯಾಗುತ್ತದೆ. ಹಿಮ್ಮಡಿಯ ಹಿಂದೆ ಹೆಬ್ಬೆರಳಿನಷ್ಟು ಜಾಗ ಸವೆದು ನುಣ್ಣಗಾಯಿತು ಅಂದರೆ ಚಪ್ಪಲಿ ಬದಲಿಸು, ಮೇಲಿನ ಪಟ್ಟಿ ಎಷ್ಟೇ ಗಟ್ಟಿ ಇರಲಿ. ಇನ್ನೊಂದು: ಪಾಲಿಯುರಿಥೇನ್ ಸೋಲಿನ ಶೂ ಬಳಸದೆ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಇಟ್ಟರೆ ನಮ್ಮ ಊರಿನ ತೇವಕ್ಕೆ ಒಳಗೊಳಗೇ ಹುಡಿಯಾಗುತ್ತದೆ. ಮದುವೆಗೆ ಅಂತ ಹೊರತೆಗೆದು ಹಾಕಿಕೊಂಡವರ ಸೋಲ್ ಚಪ್ಪರದಲ್ಲೇ ಕಳಚಿ ಬೀಳುವುದು ಇದರಿಂದಲೇ.

ಪ್ರಶ್ನೆ: ವಿಜ್ಞಾನ ಮೇಳಕ್ಕೆ ಜಾರುವಿಕೆಯ ಬಗ್ಗೆ ಪ್ರಯೋಗ ಮಾಡಬೇಕು. ಸುಲಭದ್ದು ಹೇಳಿ. ಬಾಳೆಹಣ್ಣಿನ ಸಿಪ್ಪೆಯಲ್ಲಿ ನಿಜವಾಗಿ ಜಾರುತ್ತದಾ?
– 9ನೇ ತರಗತಿ, ನೀರ್ಚಾಲು

ಉತ್ತರ: ಮಗೂ, ಜಾರುತ್ತದೆ. ಜಪಾನಿನ ಕಿಯೋಶಿ ಮಬುಚಿ ಮತ್ತು ಜೊತೆಗಾರರು 2012ರಲ್ಲಿ ಅಳೆದು ನೋಡಿದರು. ಸಿಪ್ಪೆಯ ಮೇಲೆ ಚಪ್ಪಲಿ ಇಟ್ಟರೆ ಘರ್ಷಣಾಂಕ ಸುಮಾರು 0.07 ಮಾತ್ರ. ನಡೆಯಲು 0.2 ಬೇಕು ಅಂತ ಮೇಲೆ ಓದಿದೆಯಲ್ಲ. ಸಿಪ್ಪೆಯ ಒಳಗೆ ಲೋಳೆ ತುಂಬಿದ ಸಣ್ಣ ಸಣ್ಣ ಚೀಲಗಳಿವೆ, ತುಳಿದಾಗ ಒಡೆಯುತ್ತವೆ. ಈ ಕೆಲಸಕ್ಕೆ ಅವರಿಗೆ 2014ರಲ್ಲಿ ಇಗ್ ನೊಬೆಲ್ ಬಹುಮಾನ ಬಂತು. ಇದು ನಿಜವಾದ ನೊಬೆಲ್ ಅಲ್ಲ, ಮೊದಲು ನಗಿಸಿ ಆಮೇಲೆ ಯೋಚಿಸುವ ಹಾಗೆ ಮಾಡುವ ಸಂಶೋಧನೆಗೆ ಕೊಡುವ ತಮಾಷೆಯ ಬಹುಮಾನ.

ನಿನ್ನ ಪ್ರಯೋಗಕ್ಕೆ ಮನೆಯಲ್ಲಿ ಉಳಿದ ಟೈಲ್ಸ್ ಬೇಕು: ಒಂದು ಹೊಳೆಯುವುದು, ಒಂದು ಒರಟು. ಟೈಲನ್ನು ಹಲಗೆಗೆ ಕಟ್ಟು. ಮೇಲೆ ಚಪ್ಪಲಿ ಇಟ್ಟು, ಅದರೊಳಗೆ ಒಂದು ಕಿಲೋ ಅಕ್ಕಿಯ ಕಟ್ಟು ಇಡು. ಹಲಗೆಯ ಒಂದು ಬದಿಯನ್ನು ಮೆಲ್ಲ ಎತ್ತುತ್ತಾ ಹೋಗು. ಚಪ್ಪಲಿ ಜಾರಲು ಶುರುವಾದ ಕೂಡಲೇ ನಿಲ್ಲಿಸಿ ಎರಡು ಅಳತೆ ತೆಗೆ. ಎತ್ತಿದ ತುದಿ ನೆಲದಿಂದ ಎಷ್ಟು ಎತ್ತರ, ಮತ್ತು ಆ ತುದಿಯ ನೇರ ಕೆಳಗಿನ ಜಾಗದಿಂದ ಹಲಗೆಯ ಬುಡಕ್ಕೆ ನೆಲದ ಮೇಲೆ ಎಷ್ಟು ದೂರ. ಎತ್ತರವನ್ನು ದೂರದಿಂದ ಭಾಗಿಸಿದರೆ ಘರ್ಷಣಾಂಕ. ಎತ್ತರ 30 ಸೆ.ಮೀ., ದೂರ 60 ಸೆ.ಮೀ. ಆದರೆ 0.5. ಅಕ್ಕಿ ಎರಡು ಕಿಲೋ ಮಾಡಿ ನೋಡು, ಉತ್ತರ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಒಣ, ನೀರು, ಸೋಪು, ತೆಂಗಿನೆಣ್ಣೆ ನಾಲ್ಕನ್ನೂ ಮಾಡು, ಪ್ರತಿಯೊಂದನ್ನೂ ಐದು ಸಲ.

ಒಂದು ವಿಷಯ ನಿನ್ನ ಚಾರ್ಟಿನಲ್ಲಿ ಬರೆ, ತೀರ್ಪುಗಾರರು ಮೆಚ್ಚುತ್ತಾರೆ. ಚಪ್ಪಲಿ ಟೈಲಿನ ಮೇಲೆ ಸುಮ್ಮನೆ ಕೂತಿರುವಾಗ ಅಡಿಯ ನೀರು ಮೆಲ್ಲನೆ ಹೊರಗೆ ಹೋಗಿಬಿಡುತ್ತದೆ. ಹಾಗಾಗಿ ಒದ್ದೆ ಟೈಲಿನಲ್ಲಿ ನಿನಗೆ ಸಿಗುವ ಸಂಖ್ಯೆ, ನಡೆಯುವವರಿಗೆ ನಿಜವಾಗಿ ಸಿಗುವ ಹಿಡಿತಕ್ಕಿಂತ ಜಾಸ್ತಿ ಇರುತ್ತದೆ. ನಡೆಯುವವರ ಹಿಮ್ಮಡಿ ಕಾಯುತ್ತಾ ಕೂರುವುದಿಲ್ಲವಲ್ಲ.

ಪ್ರಶ್ನೆ: ನಾನು ಗಲ್ಫಿನಲ್ಲಿದ್ದೇನೆ. ಊರಿನಲ್ಲಿ ಅಪ್ಪನಿಗೆ 78 ವರ್ಷ. ಹೋದ ವರ್ಷ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದು ಆಪರೇಶನ್ ಆಯಿತು. ಈಗ ನಡೆಯುತ್ತಾರೆ, ಆದರೆ ಬಚ್ಚಲಿಗೆ ಹೋಗಲು ಹೆದರುತ್ತಾರೆ. ಮುಂದಿನ ತಿಂಗಳು ಹದಿನೈದು ದಿನ ರಜೆಯಲ್ಲಿ ಬರುತ್ತೇನೆ. ಅಷ್ಟರಲ್ಲಿ ಏನೇನು ಮಾಡಿ ಹೋಗಬಹುದು?
– ಮಂಜೇಶ್ವರ ಮೂಲದ ಓದುಗರು

ಉತ್ತರ: ಹದಿನೈದು ದಿನ ಧಾರಾಳ ಸಾಕು. ನನ್ನ ದೊಡ್ಡಮ್ಮ ಹೀಗೇ ಬಿದ್ದವರು ಮತ್ತೆ ಏಳಲಿಲ್ಲ, ಹಾಗಾಗಿ ನಿಮ್ಮ ಪತ್ರ ಎರಡು ಸಲ ಓದಿದೆ. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಅದರಲ್ಲಿ ಅರವತ್ತು ದಾಟಿದವರೇ ಹೆಚ್ಚು.

ಬಂದ ಮೊದಲ ದಿನ ನೀವೇ ಚಪ್ಪಲಿ ಬಿಟ್ಟು, ಬಚ್ಚಲಿಗೆ ಹೋಗಿ, ಅಪ್ಪ ಸ್ನಾನ ಮಾಡುವ ಹಾಗೆಯೇ ಮಾಡಿ. ಎಲ್ಲಿ ಕೈ ಹಿಡಿತ ಹುಡುಕುತ್ತದೆ ಅಂತ ಗಮನಿಸಿ. ಅಲ್ಲಿ ಗೋಡೆಗೆ ಸ್ಟೀಲಿನ ಹಿಡಿಕೆ ಬೇಕು. ಟವಲ್ ಹಾಕುವ ಸರಳು ಸಾಕಾಗುವುದಿಲ್ಲ, ಮೈಭಾರ ಬಿದ್ದರೆ ಕಿತ್ತು ಬರುತ್ತದೆ. ಟೈಲ್ಸಿನ ಹಿಂದಿನ ಗೋಡೆಯ ಒಳಕ್ಕೆ ಉದ್ದದ ಬೋಲ್ಟ್ ಹಾಕಿ ಕೂರಿಸಿದ್ದಾಗಬೇಕು, ಕೂರಿಸಿದ ಮೇಲೆ ನೀವೇ ಜೋತುಬಿದ್ದು ನೋಡಬೇಕು. ಕಮೋಡಿನ ಪಕ್ಕ ಒಂದು, ಸ್ನಾನದ ಜಾಗದಲ್ಲಿ ಒಂದು, ಬಾಗಿಲ ಒಳಗೆ ಒಂದು.

ಕೂತು ಸ್ನಾನ ಮಾಡಲಿ. ಕಾಲಿಗೆ ರಬ್ಬರ್ ಬೂಚು ಇರುವ ಗಟ್ಟಿ ಸ್ಟೂಲ್ ತನ್ನಿ. ಪ್ಲಾಸ್ಟಿಕ್ ಕುರ್ಚಿ ಒದ್ದೆ ಟೈಲ್ಸಿನಲ್ಲಿ ಕಾಲಗಲಿಸಿ ಜಾರುತ್ತದೆ, ಅದು ಬೇಡ. ಸೋಪು, ಚೊಂಬು, ಟವಲ್ ಕೂತಲ್ಲಿಂದ ಕೈಗೆ ಸಿಗಬೇಕು. ಸ್ನಾನದ ಜಾಗಕ್ಕೆ ಅಡಿಯಲ್ಲಿ ಹೀರುಬಟ್ಟಲುಗಳಿರುವ ರಬ್ಬರ್ ಮ್ಯಾಟ್ ಹಾಕಿ. ಆದರೆ ವಾರಕ್ಕೊಮ್ಮೆ ಎತ್ತಿ ಎರಡೂ ಮೈ ಉಜ್ಜಿ ಒಣಗಿಸಲು ಯಾರಿಗಾದರೂ ಹೇಳಿ ಹೋಗಿ, ಇಲ್ಲದಿದ್ದರೆ ಅಡಿಯಲ್ಲಿ ಲೋಳೆ ಕಟ್ಟಿ ಮ್ಯಾಟ್ ಸಮೇತ ಜಾರುತ್ತದೆ. ಸಾಧ್ಯವಾದರೆ ಬಚ್ಚಲಿನ ನೆಲವನ್ನೇ ಬದಲಿಸಿ. ಸಣ್ಣ ಸಣ್ಣ ಟೈಲ್ಸ್ ಹಾಕಿಸಿದರೆ ನಡುವಿನ ಗೀರುಗಳೇ ನೀರಿಗೆ ದಾರಿ, ಕಾಲಿಗೆ ಹಿಡಿತ.

ಎಣ್ಣೆಸ್ನಾನ ಬೇಡ ಅಂದರೆ ಅಪ್ಪ ಕೇಳಲಿಕ್ಕಿಲ್ಲ. ಎಣ್ಣೆ ಹಚ್ಚುವುದು ಹೊರಗೆ ಕುರ್ಚಿಯಲ್ಲಿ ಕೂತು ಆಗಲಿ, ಅಂಗಾಲಿಗೆ ಮಾತ್ರ ಸ್ನಾನದ ಮೊದಲು ಹಚ್ಚಬೇಡಿ. ಅಂಗಾಲಿಗೆ ಹಚ್ಚಲೇಬೇಕಾದರೆ ರಾತ್ರಿ ಮಲಗಿದ ಮೇಲೆ, ಬೆಳಿಗ್ಗೆ ಏಳುವ ಮೊದಲು ಒರೆಸಿ. ನಮ್ಮಲ್ಲಿ ಡಿಸೆಂಬರ್ ಬೆಳಗಿನಲ್ಲಿ ತೆಂಗಿನೆಣ್ಣೆ ಗಟ್ಟಿಯಾಗುತ್ತದೆ, 24 ಡಿಗ್ರಿಯ ಕೆಳಗೆ ಅದರ ಸ್ವಭಾವ ಹಾಗೆ. ನೆಲಕ್ಕೆ ಬಿದ್ದದ್ದು ತಣ್ಣೀರಿಗೆ ಹೋಗುವುದಿಲ್ಲ, ಮರುದಿನಕ್ಕೂ ಉಳಿದಿರುತ್ತದೆ. ಬಿಸಿನೀರು, ಸೋಪು, ಬ್ರಷ್, ಮತ್ತೆ ಶುದ್ಧ ನೀರು, ಕೊನೆಗೆ ವೈಪರ್.

ಬಚ್ಚಲಿಗೆ ಬರಿಗಾಲೋ ಚಪ್ಪಲಿಯೋ ಅಂತ ಹಲವರು ಕೇಳುತ್ತಾರೆ. ಮೆತ್ತನೆ ರಬ್ಬರಿನ, ಹಿಂದೆ ಪಟ್ಟಿ ಇರುವ, ಗೀರು ಸವೆಯದ ಚಪ್ಪಲಿ ಇದ್ದರೆ ಚಪ್ಪಲಿ. ಹಳೆಯ ಸವೆದ ಹವಾಯಿಗಿಂತ ಬರಿಗಾಲೇ ಮೇಲು. ಮನೆಯೊಳಗೆ ಚಳಿಗೆ ಅಂತ ಬರೀ ಕಾಲುಚೀಲ ಹಾಕಿಕೊಂಡು ಟೈಲ್ಸಿನ ಮೇಲೆ ನಡೆಯುವುದು ಬೇಡವೇ ಬೇಡ. ಹೆಜ್ಜೆ ಗಿಡ್ಡ ಇಟ್ಟಷ್ಟೂ ಕಾಲಿನ ಮುಂದಿನ ತಳ್ಳು ಕಮ್ಮಿಯಾಗುತ್ತದೆ, ಅದನ್ನು ಅವರಿಗೆ ನಿಧಾನವಾಗಿ ಮಾಡಿ ತೋರಿಸಿ.

ರಾತ್ರಿ ಮಂಚದಿಂದ ಬಚ್ಚಲವರೆಗೆ ಸಣ್ಣ ದೀಪ ಉರಿಯುತ್ತಿರಲಿ. ಹೊಸ್ತಿಲಿಗೆ ಬಿಳಿ ಪಟ್ಟಿ ಅಂಟಿಸಿ. ಚಿಲಕ ಹೊರಗಿನಿಂದಲೂ ತೆಗೆಯುವ ಹಾಗಿರಲಿ. ಮತ್ತೆ, ಡಾಕ್ಟರ ಹತ್ತಿರ ಒಮ್ಮೆ ಜೊತೆಗೆ ಹೋಗಿ ಎಲ್ಲ ಮಾತ್ರೆಗಳನ್ನೂ ತೋರಿಸಿ. ಬಿಪಿ ಮಾತ್ರೆ, ನಿದ್ದೆ ಮಾತ್ರೆಯಿಂದ ಎದ್ದ ಕೂಡಲೇ ತಲೆ ಸುತ್ತುವುದುಂಟು. ಕಣ್ಣೂ ಪರೀಕ್ಷೆಯಾಗಲಿ.

ಹೆದರಿಕೆಯ ಬಗ್ಗೆ ಬರೆದಿದ್ದೀರಿ. ಅದಕ್ಕೆ ಬೈಯಬೇಡಿ, ಧೈರ್ಯ ತಂದುಕೊಳ್ಳಿ ಅಂತ ಭಾಷಣವೂ ಬೇಡ. ಹಿಡಿಕೆ ಕೂರಿಸಿದ ದಿನ ಅಪ್ಪನನ್ನು ಒಣ ಬಚ್ಚಲಿಗೆ ಕರೆದುಕೊಂಡು ಹೋಗಿ, ಕೈ ಅದರ ಮೇಲೆ ಇಡಿಸಿ, ನಾಲ್ಕು ಸಲ ಕೂತು ಎದ್ದು ಮಾಡಲಿ. ಮರುದಿನ ನೀರು ಹಾಕಿ ಮಾಡಲಿ, ನೀವು ಬಾಗಿಲ ಹತ್ತಿರ ನಿಂತಿರಿ. ಮೂರನೇ ದಿನ ಅವರೇ ನಿಮ್ಮನ್ನು ಆಚೆ ಹೋಗು ಅಂತಾರೆ.

ಪ್ರಶ್ನೆ: ನಮ್ಮೂರಿನ ದೇವಸ್ಥಾನದ ಸುತ್ತು ಬರುವಲ್ಲಿ ಹೊಸದಾಗಿ ಪಾಲಿಶ್ ಗ್ರಾನೈಟ್ ಹಾಕಲು ಮಾತಾಗುತ್ತಿದೆ. ಹಳೆ ಕಲ್ಲು ಒರಟು, ಮಕ್ಕಳ ಕಾಲಿಗೆ ಚುಚ್ಚುತ್ತದೆ ಅಂತಾರೆ. ಹಾಕಬಹುದಾ?
– ಸಮಿತಿಯ ಸದಸ್ಯರು, ಅಡೂರು

ಉತ್ತರ: ಬೇಡ. ಬರಿಗಾಲಲ್ಲಿ, ಒದ್ದೆಯಲ್ಲಿ, ಮುದುಕರು ಮಕ್ಕಳು ಎಲ್ಲ ನಡೆಯುವ ಜಾಗ ಅದು, ಮೇಲಿನಿಂದ ಮಳೆ, ಕೆಳಗೆ ದೀಪದ ಎಣ್ಣೆ. ಗ್ರಾನೈಟೇ ಬೇಕಾದರೆ ಬೆಂಕಿ ಹಾಯಿಸಿ ಒರಟು ಮಾಡಿದ್ದು ಸಿಗುತ್ತದೆ, ಕಾಲಿಗೆ ಚುಚ್ಚದ ಹಾಗೆ ಮೇಲಿನಿಂದ ಬ್ರಷ್ ಹೊಡೆದು ಕೊಡುತ್ತಾರೆ. ಆರ್ಡರ್ ಕೊಡುವ ಮೊದಲು ಒಂದು ಹಾಸು ತರಿಸಿ ಅಂಗಳದಲ್ಲಿ ಹಾಕಿ, ನೀರೂ ಎರಡು ಹನಿ ಎಣ್ಣೆಯೂ ಚೆಲ್ಲಿ, ಸಮಿತಿಯವರೆಲ್ಲ ಒಬ್ಬೊಬ್ಬರಾಗಿ ಗೋಡೆ ಹಿಡಿದುಕೊಂಡು ಅದರ ಮೇಲೆ ಕಾಲಿಟ್ಟು ನೋಡಲಿ. ಆಮೇಲೆ ತೀರ್ಮಾನ ಮಾಡಿ.